ಮಲ್ಲಿಗೆಗೆ ಟಾನಿಕ್ ಬೇಡ, ಕತ್ತರಿ ಹಾಕಿ

ಪ್ರಶ್ನೆ: ಅಂಗಳದ ದುಂಡು ಮಲ್ಲಿಗೆ ಆಳೆತ್ತರ ಬೆಳೆದಿದೆ, ಹೂ ಮಾತ್ರ ಬೆರಳೆಣಿಕೆ. ಯುಗಾದಿ ಹೊತ್ತಿಗೆ ಪಕ್ಕದ ಮನೆಯವರು ಬುಟ್ಟಿ ತುಂಬ ಬಿಡಿಸುತ್ತಾರೆ. ಎಲೆಯೂ ಹಳದಿ ಆಗುತ್ತಿದೆ. ಯಾವ ಟಾನಿಕ್ ಹಾಕಲಿ? – ಕಲಬುರಗಿ

ಚಳಿ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕತ್ತರಿ ಎಲ್ಲಿ ಹಾಕಲಿ ಅಂತ ಒಬ್ಬರೂ ಕೇಳುವುದಿಲ್ಲ. ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಗೆ, ತಾಯಿ. ಹಳೆ ಕಡ್ಡಿ ಎಷ್ಟು ಉದ್ದ ಬೆಳೆದರೂ ಬರೀ ಸೊಪ್ಪು. ಗಿಡಕ್ಕೆ ಬಿಸಿಲೇ ಬೀಳುವುದಿಲ್ಲ ಎನ್ನುವವರು ಮುಂದೆ ಓದುವುದು ಬೇಡ, ಮೊದಲು ಜಾಗ ಬದಲಿಸಿ.

ಡಿಸೆಂಬರ್ ನಡುವೆ ನೀರು ನಿಲ್ಲಿಸಿ. ಎರೆ ಮಣ್ಣು ತೇವ ಹಿಡಿದಿಡುತ್ತದೆ, ನೆಲದ ಗಿಡ ಎರಡು ವಾರ ಆರಾಮಾಗಿ ತಡೆಯುತ್ತದೆ. ಕುಂಡದ ಗಿಡಕ್ಕೆ ಅಷ್ಟು ದಿನ ಬೇಡ, ಎಲೆ ಸ್ವಲ್ಪ ಬಾಡಿದರೆ ಸಾಕು. ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ ಹೊಲದಿಂದ ಬಂದ ಮೇಲೆ ಕತ್ತರಿ ಹಿಡಿಯಿರಿ. ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದೆಲ್ಲ ಕತ್ತರಿಸಿ. ಒಣಗಿದ ಕಡ್ಡಿ ಬುಡದಿಂದಲೇ ಹೋಗಲಿ. ಉಳಿದ ಎಲೆಯನ್ನೂ ಕೀಳಿ. ಗಿಡ ಬೋಳಾಗಿ ಕಾಣುತ್ತದೆ, ಮನೆಯಲ್ಲಿ ಬೈಯುತ್ತಾರೆ. ಬೈಸಿಕೊಳ್ಳಿ. ಬುಡ ಕೆದಕಿ, ಒಂದು ಬುಟ್ಟಿ ಕಳಿತ ತಿಪ್ಪೆಗೊಬ್ಬರ ಹಾಕಿ, ಮತ್ತೆ ನೀರು ಶುರು ಮಾಡಿ. ಗಿಣ್ಣು ಗಿಣ್ಣಿಗೆ ಚಿಗುರು ಒಡೆಯುತ್ತದೆ, ಮೊಗ್ಗು ಅದರ ಹಿಂದೆಯೇ ಬರುತ್ತದೆ.

ಇನ್ನು ಹಳದಿ ಎಲೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ನಮ್ಮ ಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ, ಬೋರ್ ನೀರೂ ಗಡಸು. ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅಂಗಳದ ಶಹಾಬಾದ್ ಪರಸಿಯೂ ಸುಣ್ಣದ ಕಲ್ಲೇ ಅಲ್ವಾ? ಪರಸಿ ಹಾಸಿದವರು ಚೂರು, ಸಿಮೆಂಟು ಎಲ್ಲ ಗಿಡದ ಗುಂಡಿಗೇ ತಳ್ಳಿರುತ್ತಾರೆ. ಆರಿಸಿ ತೆಗೆಯಿರಿ. ಚಿಗುರು ಬಂದ ಮೇಲೆ 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ. ಹಸಿರು ತಿರುಗುವ ತನಕ ಹದಿನೈದು ದಿನಕ್ಕೊಮ್ಮೆ. ಪರಸಿ ಮೇಲೆ ಬಿದ್ದರೆ ತುಕ್ಕಿನ ಕಲೆ ಕೂರುತ್ತದೆ, ಗೋಣಿಚೀಲ ಹಾಸಿಕೊಳ್ಳಿ. ತುಕ್ಕು ಮೊಳೆ ಹೂಳಿ ಕಾಯುವವರಿಗೆ ನನ್ನದು ಬರೀ ನಮಸ್ಕಾರ. ಯೂರಿಯಾ ಸುರಿದರೆ ಸೊಪ್ಪು ಇನ್ನಷ್ಟು ಬರುತ್ತದೆ, ಹೂ ಅಲ್ಲ. ಒಳಗೇನಿದೆ ಅಂತ ಬರೆಯದ ‘ಹೂವಿನ ಟಾನಿಕ್’ ಬಾಟಲಿಯನ್ನು ನಾನಾದರೆ ಮುಟ್ಟುವುದೂ ಇಲ್ಲ.

ಪ್ರಶ್ನೆ: ನಮ್ಮದು ಕೆಂಪು ಮಣ್ಣು. ಇದೇ ಕ್ರಮವಾ? – ಬೀದರ್

ಇದೇ. ಆದರೆ ನಿಮ್ಮಲ್ಲಿ ನೀರು ಬೇಗ ಇಳಿದು ಹೋಗುತ್ತದೆ, ಒಂದು ವಾರ ಒಣಗಿಸಿದರೆ ಸಾಕು.

ಪ್ರಶ್ನೆ: ಮಲ್ಲಿಗೆ ವಾಸನೆಗೆ ಹಾವು ಬರುತ್ತಂತೆ, ಗಿಡ ಕೀಳಿಸಲಾ? – ಯಾದಗಿರಿ

ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಬುಡದ ಕಸ, ಇಟ್ಟಿಗೆ ರಾಶಿ ತೆಗೆಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಅಜೇಲಿಯಾ ಗಿಡ ಸಿಗುತ್ತಿದೆ, ತರಿಸಲಾ? – ಕಲಬುರಗಿ

ಬೇಡ. ಅದಕ್ಕೆ ಹುಳಿ ಮಣ್ಣು, ತಂಪು ಹವೆ ಬೇಕು. ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ.