ಕೀಬೋರ್ಡ್ ಸೇರಿದೊಡನೆ ವಯಲಿನ್ ಮರೆಯಾಗುವುದೇಕೆ?

ಒಂಟಿಯಾಗಿ ಕೇಳಿದಾಗ ಸ್ಪಷ್ಟವಾಗಿರುವ ವಯಲಿನ್ ಟ್ರ್ಯಾಕ್, ಕೀಬೋರ್ಡಿನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಹಲವು ಸ್ವರಗಳು) ಸೇರಿದೊಡನೆ ಕಾಣೆಯಾಗುತ್ತದೆ, ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆ ಬರುವುದಿಲ್ಲ ಎಂದು ಬರೆದಿದ್ದೀರಿ. ಒಂಟಿಯಾಗಿ ಚೆನ್ನಾಗಿ ಕೇಳಿಸುವುದರಿಂದ ಮೈಕ್ ಮೇಲೆ ಅನುಮಾನ ಬೇಡ. ಎರಡು ವಾದ್ಯಗಳೂ ಕಿವಿಯೊಳಗಿನ ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿವೆ, ಹಾಗಾಗಿ ವಾಲ್ಯೂಮ್‌ನಿಂದ ಇದು ಪರಿಹಾರವಾಗುವುದಿಲ್ಲ.

ಒಳಗಿವಿಯ ಸುರುಳಿಯಾಕಾರದ ಕಾಕ್ಲಿಯಾದಲ್ಲಿ ಸುಮಾರು 35 ಮಿಲಿಮೀಟರ್ ಉದ್ದದ ಬೇಸಿಲಾರ್ ಪೊರೆಯಿದೆ. ಅದರ ಬುಡ ಹೆಚ್ಚಿನ ಆವರ್ತನಗಳಿಗೂ ತುದಿ ಕಡಿಮೆ ಆವರ್ತನಗಳಿಗೂ ಸ್ಪಂದಿಸುತ್ತದೆ. ಶಬ್ದ ಬುಡದಿಂದ ತುದಿಯತ್ತ ಅಲೆಯಾಗಿ ಸಾಗುತ್ತದೆ ಎಂಬುದನ್ನು ತೋರಿಸಿದ ಗೇಯಾರ್ಗ್ ಫಾನ್ ಬೇಕೆಸಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಿಮ್ಮ ತೊಂದರೆಯ ಮೂಲವೂ ಈ ಅಲೆಯಲ್ಲೇ ಇದೆ. ಮಂದ್ರ ಸ್ವರದ ಅಲೆ ತನ್ನ ನೆಲೆ ತಲುಪುವ ಮೊದಲು ತಾರ ಸ್ವರಗಳ ಜಾಗವನ್ನೆಲ್ಲ ಹಾದು ಅಲುಗಿಸಿಯೇ ಹೋಗಬೇಕು, ಆದರೆ ತಾರ ಸ್ವರದ ಅಲೆ ಬುಡದ ಬಳಿಯೇ ಅಡಗಿಹೋಗುತ್ತದೆ. ಆದ್ದರಿಂದಲೇ ತಗ್ಗಿನ ಸ್ವರ ಮೇಲಿನದನ್ನು ಸುಲಭವಾಗಿ ಮರೆಮಾಡುತ್ತದೆ, ಮೇಲಿನದು ತಗ್ಗಿನದನ್ನು ಅಷ್ಟಾಗಿ ಮರೆಮಾಡದು. ಸಂಶೋಧಕರಾದ ವೆಗೆಲ್ ಮತ್ತು ಲೇನ್ 1924ರಲ್ಲೇ ಈ ಅಸಮತೆಯನ್ನು ಅಳೆದು ಪ್ರಕಟಿಸಿದ್ದರು. ಅಲ್ಲದೆ, ತಗ್ಗಿನ ಸ್ವರವನ್ನು 10 ಡೆಸಿಬೆಲ್ ಏರಿಸಿದರೆ ಅದಕ್ಕಿಂತ ಸಾಕಷ್ಟು ಮೇಲಿರುವ ಆವರ್ತನಗಳ ಮೇಲೆ ಅದು ಬೀರುವ ಮರೆ 10 ಡೆಸಿಬೆಲ್‌ಗಿಂತಲೂ ಹೆಚ್ಚು ಬೆಳೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಏರಿಸಿದಾಗ ನಿಮಗೆ ಕೇಳಿಸಿದ ಗದ್ದಲಕ್ಕೆ ಇದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಎರಡು ಸ್ವರಗಳು ಎಷ್ಟು ಹತ್ತಿರವಿದ್ದರೆ ಒಂದರ ಮೇಲೊಂದು ಬೀಳುತ್ತವೆ ಎಂಬುದಕ್ಕೂ ಅಳತೆಯಿದೆ. ಭೌತವಿಜ್ಞಾನಿ ಹಾರ್ವಿ ಫ್ಲೆಚರ್ 1940ರಲ್ಲಿ ವಿವರಿಸಿದ ಕ್ರಿಟಿಕಲ್ ಬ್ಯಾಂಡ್, ಅಂದರೆ ಕಿವಿ ಒಟ್ಟಾಗಿ ಹಿಡಿಯುವ ಆವರ್ತನಗಳ ಪಟ್ಟಿ, 500 ಹರ್ಟ್ಸ್‌ಗಿಂತ ಕೆಳಗೆ ಸುಮಾರು 100 ಹರ್ಟ್ಸ್ ಅಗಲ, 2000 ಹರ್ಟ್ಸ್ ಬಳಿ ಸುಮಾರು 300 ಹರ್ಟ್ಸ್ ಅಗಲವಿರುತ್ತದೆ. ಸಂಗೀತದ ಲೆಕ್ಕದಲ್ಲಿ ನೋಡಿದರೆ 200 ಹರ್ಟ್ಸ್ ಬಳಿ ಒಂದು ಬ್ಯಾಂಡಿನೊಳಗೆ ಎಂಟು–ಒಂಬತ್ತು ಅರೆಸ್ವರಗಳು ತುಂಬಿಕೊಳ್ಳುತ್ತವೆ, 2000 ಹರ್ಟ್ಸ್ ಬಳಿ ಎರಡು–ಮೂರು ಮಾತ್ರ. ಒಂದೇ ಕಾರ್ಡ್ ಎಡಗೈಯಲ್ಲಿ ಕಲಸಿಹೋಗಿ ಬಲಗೈಯಲ್ಲಿ ಬಿಡಿಬಿಡಿಯಾಗಿ ಕೇಳಿಸುವುದು ಇದರಿಂದಲೇ.

ಆದ್ದರಿಂದ ಮೊದಲು ಕೀಬೋರ್ಡಿನ ಎಡಗೈ ಕಾರ್ಡ್‌ಗಳನ್ನು ಬಿಡಿಸಿ, ಕೆಳಗೆ ಒಂದೇ ಸ್ವರ ಉಳಿಸಿ ಉಳಿದವನ್ನು ಮೇಲಿನ ಸ್ಥಾಯಿಗೆ ಒಯ್ಯಿರಿ. ಬಳಿಕ ವಯಲಿನ್ ಅನ್ನು ಏರಿಸುವ ಬದಲು, ಅದರ ಮುಖ್ಯ ಸ್ವರಗಳಿರುವ ಭಾಗದಲ್ಲಿ ಕೀಬೋರ್ಡನ್ನು ಈಕ್ವಲೈಜರ್‌ನಿಂದ (ಆಯ್ದ ಆವರ್ತನಗಳನ್ನಷ್ಟೇ ಏರಿಸುವ, ಇಳಿಸುವ ಸಾಧನ) ಕೆಲವು ಡೆಸಿಬೆಲ್ ತಗ್ಗಿಸಿ. ವಯಲಿನ್ನಿನ ಅತಿ ತಗ್ಗಿನ ತಂತಿ ಸಾಮಾನ್ಯ ಶ್ರುತಿಯಲ್ಲಿ ಸುಮಾರು 196 ಹರ್ಟ್ಸ್ ಆಗಿರುವುದರಿಂದ, ಅದಕ್ಕಿಂತ ಕೆಳಗಿನ ಅನಗತ್ಯ ಸದ್ದನ್ನು ವಯಲಿನ್ ಟ್ರ್ಯಾಕ್‌ನಿಂದ ತೆಗೆದರೂ ನಷ್ಟವಿಲ್ಲ. ಪರದೆಯ ಮೇಲಿನ ಗ್ರಾಫಿನಲ್ಲಿ ವಯಲಿನ್ನಿನ ಗೆರೆ ಎದ್ದು ಕಂಡ ಮಾತ್ರಕ್ಕೆ ಕಿವಿಗೆ ಅದು ಕೇಳಿಸುತ್ತದೆಂದು ದಯವಿಟ್ಟು ನಂಬಬೇಡಿ, ಏಕೆಂದರೆ ಸಾಮಾನ್ಯ ಗ್ರಾಫ್ ಮರೆಯ ಲೆಕ್ಕ ಹಾಕುವುದಿಲ್ಲ.

ಜೋರಾದ ಸದ್ದು ನಿಂತ ಮೇಲೂ ಅದರ ಮರೆ ಸುಮಾರು 100ರಿಂದ 200 ಮಿಲಿಸೆಕೆಂಡ್ ಉಳಿಯುತ್ತದೆ, ಹಾಗಾಗಿ ಕೀಬೋರ್ಡಿನ ರಿವರ್ಬ್ ಬಾಲವನ್ನೂ (ಸ್ವರ ನಿಂತ ಮೇಲೂ ಉಳಿಯುವ ಅನುರಣನ) ಮೊಟಕುಗೊಳಿಸಿ.

ಎರಡು ವಾದ್ಯಗಳನ್ನು ಎಡಕ್ಕೂ ಬಲಕ್ಕೂ ಸರಿಸುವ (ಪ್ಯಾನ್ ಮಾಡುವ) ಸಲಹೆ ನಿಮ್ಮ ಪ್ರಶ್ನೆಗೆ ಈಗಾಗಲೇ ಬಂದಿದೆ. ಅದು ಸರಿಯಾದದ್ದೇ; ಎರಡು ಕಿವಿಗಳಿಗೆ ಬರುವ ಶಬ್ದದ ವ್ಯತ್ಯಾಸವನ್ನು ಮೆದುಳು ಬಳಸಿಕೊಂಡು ಮರೆಯಾದುದನ್ನು ಹೊರತೆಗೆಯುತ್ತದೆ, ಹೆಡ್‌ಫೋನ್ ಪ್ರಯೋಗಗಳಲ್ಲಿ ತಗ್ಗಿನ ಸ್ವರಗಳಿಗೆ ಈ ಲಾಭ 15 ಡೆಸಿಬೆಲ್‌ವರೆಗೂ ಕಂಡುಬಂದಿದೆ. ಆದರೆ ಒಂದೇ ಸ್ಪೀಕರಿರುವ ಫೋನಿನಲ್ಲಿ ಕೇಳುವವರಿಗೆ ಆ ಲಾಭ ಪೂರ್ತಿ ಇಲ್ಲವಾಗುತ್ತದೆ. ಹೀಗಾಗಿ ಮೊದಲು ಎಡಬಲ ಒಂದೇ ಆಗಿರುವ ಮೋನೋದಲ್ಲಿ, ಅದೂ ಸಣ್ಣ ವಾಲ್ಯೂಮ್‌ನಲ್ಲಿ, ವಯಲಿನ್ ಸ್ಪಷ್ಟವಾಗುವವರೆಗೆ ಮೇಲಿನ ಕೆಲಸ ಮಾಡಿ, ಆ ನಂತರವೇ ಪ್ಯಾನ್ ಬದಲಿಸಿ.