ಕಾಲೇಜು ನಾಟಕದಲ್ಲಿ ಪಾತ್ರ ಸಿಗಲಿಲ್ಲ, ಬ್ಯಾಕ್‌ಸ್ಟೇಜ್ ಕೆಲಸ ಕೊಟ್ಟಿದ್ದಾರೆ. ಒಪ್ಪಿಕೊಳ್ಳಲಾ, ಬಿಡಲಾ?

ಒಪ್ಪಿಕೊಳ್ಳಿ. ಆದರೆ ಒಂದು ಷರತ್ತಿನ ಮೇಲೆ.

ನೀವು ಬರೆದಿರುವುದು ಇಷ್ಟು: ಪದವಿ ಮೊದಲ ವರ್ಷ. ಕಾಲೇಜು ತಂಡ ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ಏಕಾಂಕ ನಾಟಕ ತಯಾರು ಮಾಡುತ್ತಿದೆ. ಆಡಿಷನ್‌ನಲ್ಲಿ ನಿಮಗೆ ಪಾತ್ರ ಸಿಗಲಿಲ್ಲ, "ಹಿಂದೆ ಏನಾದ್ರೂ ಸಹಾಯ ಮಾಡಮ್ಮ" ಅಂದರು. ಸ್ಟೇಜ್ ಮೇಲೆ ಕಾಣದ ಕೆಲಸಕ್ಕೆ ರಾತ್ರಿ ಎಂಟರವರೆಗೆ ಯಾಕೆ ಇರಬೇಕು ಅಂತ ಮನೆಯಲ್ಲಿ ಕೇಳುತ್ತಿದ್ದಾರೆ, ನಿಮಗೂ ಹಾಗೇ ಅನ್ನಿಸಿದೆ.

ಷರತ್ತು ಏನೆಂದರೆ, ಬೆಳಕು, ಸಂಗೀತ, ಪರಿಕರ (ನಟರು ರಂಗದ ಮೇಲೆ ಬಳಸುವ ವಸ್ತುಗಳು), ವಸ್ತ್ರ, ಪ್ರಸಾಧನ (ಮೇಕಪ್), ರಂಗಸಜ್ಜಿಕೆ (ಸೆಟ್), ಇವುಗಳಲ್ಲಿ ಒಂದನ್ನು ಹೆಸರಿಟ್ಟು ಕೇಳಿ. ಪ್ರದರ್ಶನ ಮುಗಿಯುವವರೆಗೆ ಅದು ನಿಮ್ಮ ಜವಾಬ್ದಾರಿ ಆಗಿರಬೇಕು. ಸುಮ್ನೆ ಸಹಾಯಕ್ಕೆ ಅಂತ ನಿಂತರೆ ಟೀ ತರುವುದು, ಕುರ್ಚಿ ಎತ್ತುವುದು, ಝೆರಾಕ್ಸ್ ಮಾಡಿಸುವುದರಲ್ಲೇ ತಿಂಗಳು ಕಳೆಯುತ್ತದೆ. ಅದರಿಂದ ನಿಮಗೂ ಲಾಭ ಇಲ್ಲ, ನಾಟಕಕ್ಕೂ ಇಲ್ಲ.

ನಾನು ಮೈಸೂರಿನಲ್ಲಿ ಓದುವಾಗ ಪರಿಕರ ನೋಡಿಕೊಳ್ಳುವುದರಿಂದ ಶುರು ಮಾಡಿದೆ. ಆಮೇಲೆ ಬೆಳಕಿಗೆ ಹೋದೆ, ಕೊನೆಯ ವರ್ಷ ಪಾತ್ರವನ್ನೂ ಮಾಡಿದೆ. ಈಗ ಬೇರೆ ನೌಕರಿಯಲ್ಲಿದ್ದೇನೆ, ಆದರೂ ಕಾಲೇಜು ತಂಡಗಳು ಕರೆದರೆ ಬೆಳಕು ಮಾಡಿಕೊಡಲು ಹೋಗುತ್ತೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ನಿಯಮ ನೋಡಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಯುವಜನೋತ್ಸವದಲ್ಲಿ ಏಕಾಂಕಕ್ಕೆ 30 ನಿಮಿಷ. ರಂಗದ ಮೇಲೆ ಹೆಚ್ಚೆಂದರೆ 9 ಜನ, ಬೆಳಕು, ಸಂಗೀತ, ನೇಪಥ್ಯಕ್ಕೆ 3 ಜನ. ಸೆಟ್ ಜೋಡಿಸಲು ಸುಮಾರು 10 ನಿಮಿಷ ಸಿಗುತ್ತದೆ. ಕಾಲೇಜು ಮಟ್ಟದ ಸುತ್ತೋಲೆಯಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು, ನಿಮ್ಮ ವಿಶ್ವವಿದ್ಯಾಲಯದ್ದನ್ನು ತೆಗೆದು ಓದಿ. ತೀರ್ಪುಗಾರರು ಅಭಿನಯದ ಜೊತೆಗೆ ರಂಗತಂತ್ರ, ವಿನ್ಯಾಸಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಟ್ಟು 12 ಜನರಲ್ಲಿ ಹಿಂದಿನ ಆ ಮೂವರು ತಂಡದ ಕಾಲು ಭಾಗ. ಆ 12 ಜನರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ಅಂತ ನಾಳೆಯೇ ಕೇಳಿ. ಇದರಲ್ಲಿ ಸಂಕೋಚ ಬೇಡ. ತಿಂಗಳುಗಟ್ಟಲೆ ದುಡಿದು ಸ್ಪರ್ಧೆಯ ದಿನ ಪ್ರೇಕ್ಷಕರ ಸಾಲಿನಲ್ಲಿ ಕೂತ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ಪಟ್ಟಿಯಲ್ಲಿ ಇಲ್ಲ ಎಂದಾದರೆ ಅದು ಈಗಲೇ ಗೊತ್ತಾಗಲಿ.

ಇನ್ನು, ಹಿಂದೆ ನಿಂತವರಿಗೆ ನಾಟಕ ಏನು ಕಲಿಸುತ್ತದೆ ಅನ್ನುವುದಕ್ಕೆ ಬರುತ್ತೇನೆ. ನನಗೆ ಮೊದಲು ಸಿಕ್ಕಿದ್ದು ಗಿರೀಶ ಕಾರ್ನಾಡರ 'ತುಘಲಕ್' ನಾಟಕದ ಪರಿಕರ. ಒಟ್ಟು 13 ದೃಶ್ಯ. ಚದುರಂಗದ ಹಲಗೆ, ಕಠಾರಿ, ತಾಮ್ರದ ನಾಣ್ಯ, ಪತ್ರಗಳು. ಯಾವ ವಸ್ತು ಯಾವ ದೃಶ್ಯದಲ್ಲಿ ಯಾರ ಕೈಯಿಂದ ಒಳಗೆ ಬರುತ್ತದೆ, ಯಾವ ವಿಂಗ್‌ನಿಂದ (ರಂಗದ ಪಕ್ಕದ ಮರೆಯಿಂದ) ಹೊರಗೆ ಹೋಗುತ್ತದೆ ಅಂತ ಬರೆದುಕೊಳ್ಳಲು ನಾಟಕವನ್ನು ಮತ್ತೆ ಮತ್ತೆ ಓದಲೇಬೇಕಾಯಿತು. ಹಾಗೆ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ದರ್ಬಾರಿನ ದೊಡ್ಡ ದೃಶ್ಯ ಆದಮೇಲೆ ಬೀದಿಯಲ್ಲೋ ಬಯಲಲ್ಲೋ ನಡೆಯುವ ಚಿಕ್ಕ ದೃಶ್ಯ ಬರುತ್ತದೆ. ಆಮೇಲೆ ನಮ್ಮ ಮೇಷ್ಟ್ರು ವಿವರಿಸಿದರು, ಕಾರ್ನಾಡರೂ ಇದನ್ನು ಹೇಳಿಕೊಂಡಿದ್ದಾರೆ: ಇದು ಹಳೆಯ ಕಂಪನಿ ನಾಟಕದ ಕ್ರಮ. ಮುಂದೆ ಬೀದಿಯ ಚಿತ್ರ ಇರುವ ಪರದೆ ಬಿಟ್ಟು ಅದರೆದುರು ಹಾಸ್ಯದ ದೃಶ್ಯ ಆಡಿಸುತ್ತಿದ್ದರು, ಅಷ್ಟರಲ್ಲಿ ಪರದೆಯ ಹಿಂದೆ ಅರಮನೆಯ ಸೆಟ್ ಸಿದ್ಧವಾಗುತ್ತಿತ್ತು. ಸೆಟ್ ಬದಲಿಸುವವರಿಗೆ ಸಮಯ ಬೇಕು ಅನ್ನುವ ಕಾರಣಕ್ಕೆ ಹುಟ್ಟಿದ ಕ್ರಮವನ್ನು ಕಾರ್ನಾಡರು ನಾಟಕದ ರಚನೆಗೇ ಬಳಸಿಕೊಂಡರು. ಸುಲ್ತಾನನ ಲೋಕ ಹಿಂದೆ, ಅಜೀಜ್ ಮತ್ತು ಆಜಮ್ ಎಂಬ ಇಬ್ಬರು ಮೋಸಗಾರರ ಕಳ್ಳಾಟ ಮುಂದೆ, ಕೊನೆಗೆ ಆ ಅಜೀಜನೇ ಸುಲ್ತಾನನ ಎದುರು ಬಂದು ನಿಲ್ಲುತ್ತಾನೆ. ಪಾತ್ರ ಸಿಕ್ಕಿದ್ದರೆ ನಾನು ನನ್ನ ಮಾತು, ನನ್ನ ಎಂಟ್ರಿ ಇಷ್ಟನ್ನೇ ಗಟ್ಟಿ ಮಾಡಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಪರಿಕರದ ಪಟ್ಟಿ ಹಿಡಿದುಕೊಂಡಿದ್ದರಿಂದ ಇಡೀ ನಾಟಕ ಒಳಗಿನಿಂದ ಕಾಣಿಸಿತು. ಇದನ್ನು ನಾನು ಇವತ್ತಿಗೂ ದೊಡ್ಡ ಭಾಗ್ಯ ಅಂತಲೇ ತಿಳಿದಿದ್ದೇನೆ.

ಪರಿಕರ ಸಿಕ್ಕರೆ ಹೀಗೆ ಮಾಡಿ. ಎರಡೂ ವಿಂಗ್‌ನಲ್ಲಿ ಒಂದೊಂದು ಟೇಬಲ್ ಇಡಿ. ಮೇಲೆ ಬಿಳಿ ಹಾಳೆ ಅಂಟಿಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಜಾಗ ಖಾಲಿ ಕಂಡರೆ ವಸ್ತು ಎಲ್ಲೋ ಹೋಗಿದೆ ಅಂತ ಕತ್ತಲಲ್ಲೂ ಒಂದೇ ನೋಟಕ್ಕೆ ತಿಳಿಯುತ್ತದೆ. ನಟರು ಎಷ್ಟೇ ಸೀನಿಯರ್ ಆಗಿರಲಿ, ಟೇಬಲ್‌ನಿಂದ ತೆಗೆದುಕೊಂಡು ಟೇಬಲ್‌ಗೇ ತಂದಿಡಬೇಕು, ಜೇಬಿನಲ್ಲಿ ಇಟ್ಟುಕೊಂಡು ಗ್ರೀನ್ ರೂಮಿಗೆ ಹೋಗಬಾರದು. ಇದನ್ನು ಮೊದಲ ದಿನವೇ ಹೇಳಿ, ಗಟ್ಟಿಯಾಗಿ ಹೇಳಿ.

ಬೆಳಕು ಸಿಕ್ಕರೆ ಇನ್ನೂ ಖುಷಿ, ನನ್ನ ಪಕ್ಷಪಾತ ಅದರ ಮೇಲೆಯೇ. ನಮ್ಮ ಬಹುತೇಕ ಕಾಲೇಜು ಸಭಾಂಗಣಗಳು ಭಾಷಣಕ್ಕೆ, ಬಹುಮಾನ ವಿತರಣೆಗೆ ಅಂತ ಕಟ್ಟಿದವು. ಮೇಲೆ ಟ್ಯೂಬ್‌ಲೈಟ್, ಹಿಂದೆ ಕಾಲೇಜಿನ ಬ್ಯಾನರ್. ದೀಪ ಬಾಡಿಗೆಗೆ ತಂದು ಕಟ್ಟಬೇಕು. ಅಲ್ಲಿ ಮೊದಲು ನೋಡಬೇಕಾದ್ದು ಕರೆಂಟ್. ಹಳೆಯ ಪಾರ್ ಕ್ಯಾನ್ (ಡಬ್ಬಿಯಾಕಾರದ ರಂಗದೀಪ) ಸಾಮಾನ್ಯವಾಗಿ ಒಂದೊಂದೂ 1000 ವ್ಯಾಟ್ ಇರುತ್ತದೆ. 230 ವೋಲ್ಟ್‌ನಲ್ಲಿ ಅದು ಸುಮಾರು 4.3 ಆಂಪಿಯರ್ ಎಳೆಯುತ್ತದೆ, ಹಾಗಾಗಿ 15 ಆಂಪಿಯರ್ ಸಾಕೆಟ್ ಒಂದಕ್ಕೆ ಮೂರಕ್ಕಿಂತ ಜಾಸ್ತಿ ಹಾಕಲೇಬಾರದು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಸುತ್ತಿಟ್ಟು ಬಳಸಿದರೆ ಬಿಸಿಯಾಗಿ ಕರಗಬಹುದು, ಪೂರ್ತಿ ಬಿಚ್ಚಿ ಹಾಸಿ. ಹ್ಯಾಲೊಜೆನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಜಾಗ ಕಾದು ಬಲ್ಬು ಒಡೆಯಬಹುದು. ಮೇಲೆ ಕಟ್ಟಿದ ಪ್ರತಿ ದೀಪಕ್ಕೂ ಸೇಫ್ಟಿ ಚೈನ್ ಇರಲೇಬೇಕು, ಕೆಳಗೆ ನಿಮ್ಮ ಗೆಳೆಯರು ಕುಣಿಯುತ್ತಿರುತ್ತಾರೆ. ಮೇನ್ ಬೋರ್ಡಿನ ಕೆಲಸ ಕಾಲೇಜಿನ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಈಗ ಎಲ್‌ಇಡಿ ಪಾರ್ ಬಂದಿವೆ, ಕರೆಂಟಿನ ಚಿಂತೆ ಕಡಿಮೆ. ಆದರೆ ಎಲ್‌ಇಡಿ ಕೈಗೆ ಸಿಕ್ಕ ತಕ್ಷಣ ಹುಡುಗರು ಕೆಂಪು, ಹಸಿರು, ನೇರಳೆ ಅಂತ ಬಣ್ಣ ಬದಲಿಸುತ್ತಾ ಹೋಗುತ್ತಾರೆ. ದಯವಿಟ್ಟು ಬೇಡ. ಮೊದಲು ಮುಖ ಕಾಣಲಿ. ನಟನ ಮುಂದೆ, ಎರಡು ಬದಿಯಿಂದ, ಸುಮಾರು 45 ಡಿಗ್ರಿ ಎತ್ತರದಿಂದ ಒಂದೊಂದು ದೀಪ, ಒಂದಕ್ಕೆ ತುಸು ಹಳದಿ ಛಾಯೆ, ಇನ್ನೊಂದಕ್ಕೆ ತುಸು ನೀಲಿ. ಇಷ್ಟು ಸರಿ ಬಂದರೆ ಕಣ್ಣು ಕಾಣುತ್ತದೆ, ಕಣ್ಣು ಕಂಡರೆ ಮಾತು ಕೇಳಿಸುತ್ತದೆ. ಇದನ್ನು ಕೊನೆಯ ಸಾಲಿನಲ್ಲಿ ಕೂತು ಪರೀಕ್ಷೆ ಮಾಡಿ ನೋಡಿ. ಹಿಂದೆಲ್ಲ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಪುಸ್ತಕ ಇರುತ್ತಿದ್ದ ಹಾಗೆ ನಿಮ್ಮ ಕೈಯಲ್ಲಿ ಯಾವಾಗಲೂ ಕ್ಯೂ ಶೀಟ್ ಇರಬೇಕು: ಪುಟ ಎಷ್ಟು, ಯಾವ ಮಾತಿನ ಮೇಲೆ, ಯಾವ ದೀಪ, ಎಷ್ಟು ಸೆಕೆಂಡ್ ಫೇಡ್ (ಬೆಳಕು ನಿಧಾನವಾಗಿ ಏರುವುದು, ಇಳಿಯುವುದು). ಫೇಡ್ ಔಟ್ ಎರಡು ಸೆಕೆಂಡ್ ಬೇಗ ಆದರೆ ನಟನ ಮೌನವೇ ಸತ್ತುಹೋಗುತ್ತದೆ. ಹಾಗಾಗಿ ಡಿಮ್ಮರ್ (ಬೆಳಕು ಏರಿಸಿ ಇಳಿಸುವ ಸಾಧನ) ಮೇಲೆ ಕೈ ಇಟ್ಟವರು ನಟರ ಜೊತೆಗೇ ಉಸಿರು ಬಿಡುವುದನ್ನು ಕಲಿಯಬೇಕಾಗುತ್ತದೆ. ಅದು ಅಭಿನಯದ ಪಾಠವೇ ಅಲ್ವಾ?

ಸಂಗೀತದ ಬಗ್ಗೆ ನನ್ನದು ಒಂದೇ ತಕರಾರು. ಮೊಬೈಲ್‌ನಿಂದ ಸಿನಿಮಾದ ಹಿನ್ನೆಲೆ ಸಂಗೀತ ಇಳಿಸಿಕೊಂಡು ಅಳುವ ದೃಶ್ಯಕ್ಕೆ ಪಿಟೀಲು ಹಾಕುವ ಅಭ್ಯಾಸ ಎಲ್ಲಾ ಕಡೆ ಹಬ್ಬಿದೆ. ನಮ್ಮ ರಂಗಭೂಮಿಯಲ್ಲಿ ನಿರ್ದೇಶಕ, ಸಂಗೀತ ಸಂಯೋಜಕ ಬಿ.ವಿ. ಕಾರಂತರಂಥವರು ಇದ್ದರು. ವಾದ್ಯವೇ ಅಲ್ಲದ ವಸ್ತುಗಳಿಂದಲೂ ಅವರು ರಂಗಸಂಗೀತ ಹುಟ್ಟಿಸಿದರು. ಹಾಡಲು ಬರುವ ನಾಲ್ಕು ಜನ, ಒಂದು ಹಾರ್ಮೋನಿಯಂ, ಒಂದು ಡೋಲು, ಸ್ವಲ್ಪ ಪಾತ್ರೆ ಪಗಡ ಇದ್ದರೆ ಮೇಳ ಕಟ್ಟಬಹುದು. ಒಂಬತ್ತು ನಟರೇ ಬಿಡುವಿದ್ದಾಗ ಮೇಳಕ್ಕೆ ಬಂದು ಹಾಡಲಿ.

ವಸ್ತ್ರ, ಪ್ರಸಾಧನ ನನಗೆ ಅಷ್ಟಾಗಿ ಗೊತ್ತಿರುವ ಕ್ಷೇತ್ರವಲ್ಲ, ಹಾಗಾಗಿ ಒಂದು ಮಾತು ಮಾತ್ರ. ಎಷ್ಟೋ ತಂಡಗಳಲ್ಲಿ ಹುಡುಗಿಯರಿಗೆ ಹೊಲಿಗೆ, ಸೀರೆ ಮಡಿಸುವ ಕೆಲಸ, ಹುಡುಗರಿಗೆ ಏಣಿ ಹತ್ತುವ ಕೆಲಸ ಅಂತ ಯಾರೂ ಕೇಳದೆಯೇ ಹಂಚಿಕೆ ಆಗಿಬಿಡುತ್ತದೆ. ನಿಮಗೆ ದೀಪ ಇಷ್ಟವಾದರೆ ದೀಪವನ್ನೇ ಕೇಳಿ. ವಸ್ತ್ರವೇ ಇಷ್ಟ ಅಂದರೆ ಅದನ್ನೂ ಸಣ್ಣದು ಅಂದುಕೊಳ್ಳಬೇಡಿ. ಪ್ರೇಮಾ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, ವಸ್ತ್ರವಿನ್ಯಾಸದಲ್ಲಿ ದೊಡ್ಡ ಹೆಸರು ಮಾಡಿದವರು, ಮುಂದೆ 'ಫಣಿಯಮ್ಮ' ಸಿನಿಮಾ ನಿರ್ದೇಶಿಸಿದವರು.

ಪಾತ್ರ ಮಾಡುವ ಆಸೆಯನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ದಾರಿ ತಾಲೀಮಿನಲ್ಲೇ ಇದೆ. ಪ್ರತಿ ತಾಲೀಮಿಗೂ ಯಾರಾದರೂ ಒಬ್ಬರು ಬಂದಿರುವುದಿಲ್ಲ. ಒಬ್ಬರಿಗೆ ಇಂಟರ್ನಲ್ಸ್, ಒಬ್ಬರಿಗೆ ಜ್ವರ, ಒಬ್ಬರ ಊರಲ್ಲಿ ಜಾತ್ರೆ. ಆಗ ನಿರ್ದೇಶಕರು "ಯಾರಾದ್ರೂ ಪ್ರಾಕ್ಸಿ ನಿಂತ್ಕೊಳಿ" ಅಂತಾರೆ. ಆಗ ಕೈ ಎತ್ತಿ. ಪುಸ್ತಕ ಹಿಡಿದು ಓದಬೇಡಿ, ಆ ಮಾತುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿ, ಮೂವ್‌ಮೆಂಟ್ ಸಮೇತ ಮಾಡಿ. ದಿನಾ ತಾಲೀಮು ನೋಡುವ ನಿಮಗೆ ಅದು ಕಷ್ಟವಾಗುವುದಿಲ್ಲ. ನನಗೆ ಕೊನೆಯ ವರ್ಷ ಪಾತ್ರ ಸಿಕ್ಕಿದ್ದು ಆಡಿಷನ್‌ನಿಂದ ಅಲ್ಲ, ಹೀಗೆ ಪ್ರಾಕ್ಸಿ ನಿಂತು. ಜೊತೆಗೆ, ಬೆಳಕಿನಲ್ಲಿ ಕೆಲಸ ಮಾಡಿದ್ದರಿಂದ ದೀಪ ಎಲ್ಲಿ ಬೀಳುತ್ತದೆ ಅಂತ ಮೈಗೆ ಗೊತ್ತಿತ್ತು, ಹುಡುಕಿಕೊಂಡು ನಿಲ್ಲಬೇಕಾಗಿರಲಿಲ್ಲ.

ಮುಂದೆ ನಿಲ್ಲುವವರು ಬೇರೆ, ಹಿಂದೆ ದುಡಿಯುವವರು ಬೇರೆ ಅನ್ನುವ ಭೇದ ನಮ್ಮ ಒಳ್ಳೆಯ ತಂಡಗಳಲ್ಲಿ ಇಲ್ಲವೇ ಇಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ನೋಡಿ. ಕೆ.ವಿ. ಸುಬ್ಬಣ್ಣನವರು ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದರು, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಂಡ 'ತಿರುಗಾಟ' ಹೊರಟಿತು. ತಿರುಗಾಟದ ನಟರು ಊರಿಗೆ ಬಂದಿಳಿದು, ತಾವೇ ಸೆಟ್ ಇಳಿಸಿ, ರಂಗ ಕಟ್ಟಿ, ಸಂಜೆ ಬಣ್ಣ ಹಚ್ಚಿ ಪಾತ್ರ ಮಾಡಿ, ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ನಿಮ್ಮ ಊರಿನ ಹತ್ತಿರ ಅವರ ಪ್ರದರ್ಶನ ಇದ್ದರೆ ಮಧ್ಯಾಹ್ನವೇ ಹೋಗಿ, ಸಂಜೆಯವರೆಗೆ ನೋಡುತ್ತಾ ಕೂರಿ. ಮೈಸೂರಿಗೆ ಬಂದರೆ ಅಲ್ಲಿನ ರಂಗಸಂಸ್ಥೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಿ, ಸಾಧ್ಯವಾದರೆ ಮುಗಿದ ಮೇಲೆ ತಂತ್ರಜ್ಞರನ್ನು ಮಾತಾಡಿಸಿ. ಕಲಿಯುವ ಹುಡುಗರು ಬಂದು ಕೇಳಿದರೆ ಪ್ರೀತಿಯಿಂದ ಹೇಳಿಕೊಡುತ್ತಾರೆ. ಪದವಿ ಮುಗಿದ ಮೇಲೂ ಈ ಹುಚ್ಚು ಬಿಡದಿದ್ದರೆ ಇವೆರಡೂ ಕಡೆ ಒಂದು ವರ್ಷದ ಡಿಪ್ಲೊಮಾ ಇದೆ.

ಇನ್ನು ಮನೆಯವರ ಮಾತು. ಅವರ ಚಿಂತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾತ್ರಿ ಎಂಟಕ್ಕೆ ಬಸ್ ಸ್ಟಾಪಿನಲ್ಲಿ ಒಬ್ಬರೇ ನಿಲ್ಲುವ ಹುಡುಗಿಯ ಬಗ್ಗೆ ಅಪ್ಪ ಅಮ್ಮನಿಗೆ ಭಯ ಆಗುವುದು ಸಹಜ. ಹಾಸ್ಟೆಲ್ ಗೇಟ್ ಮುಚ್ಚುವ ಹೊತ್ತಿಗೆ ತಾಲೀಮು ಬಿಸಿ ಏರಿರುತ್ತದೆ ಅನ್ನುವುದೂ ನಿಜ. ಎಷ್ಟೋ ಒಳ್ಳೆಯ ನಟಿಯರು ಇದೇ ಕಾರಣಕ್ಕೆ ರಂಗ ಬಿಟ್ಟುಹೋದರು, ಅದು ನನಗೆ ಈಗಲೂ ಬೇಸರದ ವಿಷಯ. ಆದರೆ ಇದನ್ನು ಸರಿಮಾಡಬೇಕಾದ್ದು ತಂಡ, ನೀವೊಬ್ಬರೇ ಅಲ್ಲ. ತಾಲೀಮಿನ ವೇಳಾಪಟ್ಟಿಯನ್ನು ವಾರಕ್ಕೆ ಮೊದಲೇ ಬರೆದು ಕೊಡಲಿ, ದೂರ ಹೋಗುವವರ ದೃಶ್ಯಗಳನ್ನು ಮೊದಲು ತೆಗೆದುಕೊಳ್ಳಲಿ, ತಡವಾದ ದಿನ ಮನೆ ತಲುಪಿಸುವ ವ್ಯವಸ್ಥೆ ಮಾಡಲಿ. ಮೇಷ್ಟ್ರೊಬ್ಬರು ಮನೆಗೆ ಒಂದು ಫೋನ್ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಸ್ಪರ್ಧೆಯ ದಿನಗಳಿಗೆ ಹಾಜರಿ ಸಿಗುವಂತೆ ಪ್ರಾಂಶುಪಾಲರಿಂದ ಓಡಿ (ಆನ್ ಡ್ಯೂಟಿ) ಪತ್ರ ಮೊದಲೇ ಬರೆಸಿಕೊಳ್ಳಿ, ಆಮೇಲೆ ಅಲೆದಾಡುವುದು ಬೇಡ. ಬೆಳಕು, ಪರಿಕರದವರು ಮೊದಲ ವಾರಗಳಲ್ಲಿ ದಿನಾ ಇರಲೇಬೇಕು ಅಂತೇನೂ ಇಲ್ಲ. ವಾರಕ್ಕೆರಡು ಸಂಜೆ ಬಂದು ನೋಡಿ ಬರೆದುಕೊಂಡರೆ ಸಾಕು, ರನ್ ಥ್ರೂ (ಇಡೀ ನಾಟಕವನ್ನು ನಿಲ್ಲಿಸದೆ ಆಡಿ ನೋಡುವುದು) ಶುರುವಾದ ಮೇಲೆ ಮಾತ್ರ ತಪ್ಪಿಸಬಾರದು. ಇದನ್ನೂ ಮೊದಲೇ ಮಾತಾಡಿಕೊಂಡುಬಿಡಿ.

ನಿರ್ದೇಶಕರ ಹತ್ತಿರ ಹೋಗಿ ಹೀಗೆ ಕೇಳಿ: "ಸರ್, ನಾನು ಪರಿಕರ ಪೂರ್ತಿ ನೋಡ್ಕೋತೀನಿ. ಹನ್ನೆರಡು ಜನರ ಪಟ್ಟಿಯಲ್ಲಿ ನನ್ನ ಹೆಸರು ಇರಲಿ, ನಾಟಕದ ಒಂದು ಪ್ರತಿ ನನಗೂ ಕೊಡಿ, ಯಾರಾದ್ರೂ ಬರದಿದ್ದಾಗ ಪ್ರಾಕ್ಸಿಗೆ ನನ್ನನ್ನ ಕರೀರಿ." ಇಷ್ಟಕ್ಕೆ ಒಪ್ಪುವ ತಂಡವಾದರೆ ಖುಷಿಯಿಂದ ಸೇರಿ. ನಾಟಕದ ಪ್ರತಿ ಕೊಡಲೂ ಹಿಂದೆ ಮುಂದೆ ನೋಡಿದರೆ ಈ ವರ್ಷ ಬಿಟ್ಟುಬಿಡಿ, ಊರಿನ ಯಾವುದಾದರೂ ಹವ್ಯಾಸಿ ತಂಡವನ್ನು ವಿಚಾರಿಸಿ. ಅವರಿಗೆ ಹಿಂದೆ ನಿಂತು ಕೆಲಸ ಮಾಡುವವರು ಯಾವಾಗಲೂ ಬೇಕಾಗಿರುತ್ತಾರೆ. ಯಾವ ನಾಟಕ ಅಂತ ನೀವು ಬರೆದಿಲ್ಲ, ಹೆಸರು ಹಾಕಿದರೆ ಪರಿಕರದ ಪಟ್ಟಿ ಮಾಡಲು ನಾನೂ ಜೊತೆಗಿರುತ್ತೇನೆ.