ಸಿಸಿ ಒಂದೇ ಇದ್ದರೂ ಪಿಕಪ್ ಬೇರೆ ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. 150 ಸಿಸಿಯ ಎರಡು ಬೈಕುಗಳಲ್ಲಿ ಒಂದು 14 ಪಿಎಸ್ (ಪವರ್ ಅಳೆಯುವ ಮಾನ, ಹೆಚ್ಚುಕಡಿಮೆ ಹಾರ್ಸ್‌ಪವರ್ ಇದ್ದಂತೆ), ಇನ್ನೊಂದು 18 ಪಿಎಸ್ ಕೊಡುವುದು ಹೇಗೆ? ಒಂದೇ ಎಂಜಿನ್ ಕೂರಿಸಿದ ಎರಡು ಗಾಡಿಗಳಲ್ಲಿ ಒಂದು ಚುರುಕು, ಇನ್ನೊಂದು ಮಂದ ಯಾಕೆ? ಮೊದಲನೆಯದು ಎಂಜಿನ್ ಒಳಗಿನ ವಿಷಯ, ಎರಡನೆಯದು ಎಂಜಿನ್ನಿಂದ ಚಕ್ರದವರೆಗಿನ ವಿಷಯ. ಇವೆರಡನ್ನೂ ಒಂದೇ ಎಂದುಕೊಂಡು ವಾದಕ್ಕೆ ಕೂತರೆ ಮುಗಿಯುವುದೇ ಇಲ್ಲ.

ಸಿಸಿ ಅಂದರೆ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಬಂದಾಗ ತೆರವಾಗುವ ಜಾಗ, ಅಷ್ಟೇ. ಆ ಜಾಗ ನಿಮಿಷಕ್ಕೆ ಎಷ್ಟು ಸಲ ತುಂಬುತ್ತದೆ, ಪ್ರತಿ ಸಲ ಎಷ್ಟರಮಟ್ಟಿಗೆ ತುಂಬುತ್ತದೆ ಎನ್ನುವುದರ ಮೇಲೆ ಪವರ್ ನಿಂತಿದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುತ್ತದೆ. 150 ಸಿಸಿ ಎಂಜಿನ್ 8000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 8000 ಸುತ್ತು) ಪ್ರತಿ ಸಲ ಪೂರ್ತಿ ತುಂಬಿದರೆ ನಿಮಿಷಕ್ಕೆ 600 ಲೀಟರ್ ಗಾಳಿ, 10,000ದಲ್ಲಾದರೆ 750 ಲೀಟರ್. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಆದರೆ 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಾಗಾಗಿ ಮಿತಿ ಇರುವುದು ಗಾಳಿಯಲ್ಲಿ.

ಲೆಕ್ಕ ಹೀಗೆ: ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಚುವ ಬಲವನ್ನು (ನ್ಯೂಟನ್ ಮೀಟರಿನಲ್ಲಿ), ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. 8000ದಲ್ಲಿ 12.3 ನ್ಯೂಟನ್ ಮೀಟರ್ ಇದ್ದರೆ 14 ಪಿಎಸ್. 10,000ದಲ್ಲಿ 12.6 ಇದ್ದರೆ 18 ಪಿಎಸ್. ಗಮನಿಸಿ, ಟಾರ್ಕಿನಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಅಷ್ಟೇ ಟಾರ್ಕನ್ನು ಹೆಚ್ಚಿನ ಆರ್‌ಪಿಎಂವರೆಗೂ ಬಿಡದೆ ಹಿಡಿದುಕೊಂಡಿದೆ ಎನ್ನುವುದೇ ಎರಡನೇ ಎಂಜಿನ್ನಿನ ಹೆಚ್ಚುಗಾರಿಕೆ.

ಹಾಗಾದರೆ ಮೊದಲನೆಯದೂ 10,000ಕ್ಕೆ ಹೋಗಬಾರದೇಕೆ? ಬೋರ್ (ಸಿಲಿಂಡರಿನ ಒಳ ಅಗಲ) ಮತ್ತು ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರ) ನೋಡಿ. ಪಿಸ್ಟನ್ನಿನ ವೇಗ ಹೆಚ್ಚಿದಷ್ಟೂ ಭಾಗಗಳ ಮೇಲಿನ ಒತ್ತಡ ಹೆಚ್ಚು, ಮಿತಿ ಬರುವುದು ಅಲ್ಲಿಂದ. 57 ಮಿ.ಮೀ. ಬೋರ್, 58.6 ಮಿ.ಮೀ. ಸ್ಟ್ರೋಕ್ ಇದ್ದರೂ 149 ಸಿಸಿ ಚಿಲ್ಲರೆ; 62 ಮಿ.ಮೀ. ಬೋರ್, 49.5 ಮಿ.ಮೀ. ಸ್ಟ್ರೋಕ್ ಇದ್ದರೂ ಅಷ್ಟೇ. ಉದ್ದ ಸ್ಟ್ರೋಕಿನದು 8000 ಆರ್‌ಪಿಎಂಗೇ ಸೆಕೆಂಡಿಗೆ 15.6 ಮೀಟರ್ ಸರಾಸರಿ ಪಿಸ್ಟನ್ ವೇಗ ಮುಟ್ಟುತ್ತದೆ. ಗಿಡ್ಡ ಸ್ಟ್ರೋಕಿನದು ಆ ವೇಗ ಮುಟ್ಟುವುದು 9500ರ ಹತ್ತಿರ. ಜೊತೆಗೆ ಅಗಲ ಬೋರಿನಲ್ಲಿ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ದೊಡ್ಡ ವಾಲ್ವ್‌ಗಳಿಗೆ, ಅಥವಾ ಎರಡರ ಬದಲು ನಾಲ್ಕಕ್ಕೆ ಜಾಗ ಸಿಗುತ್ತದೆ. ವಾಲ್ವ್ ತೆರೆಯುವ ಕ್ಯಾಮ್ ಕೂಡ ಅದನ್ನು ಹೆಚ್ಚು ಹೊತ್ತು ತೆರೆದಿಡುವಂಥದ್ದು ಇರುತ್ತದೆ, ಏಕೆಂದರೆ ಮೇಲಿನ ಆರ್‌ಪಿಎಂನಲ್ಲಿ ಗಾಳಿಗೆ ಒಳಬರಲು ಸಮಯವೇ ಸಾಲದು.

ಇದಕ್ಕೆ ಬೆಲೆಯೂ ಇದೆ. ಅದೇ ಕ್ಯಾಮ್ 3000-4000 ಆರ್‌ಪಿಎಂನಲ್ಲಿ ಒಳಬಂದ ಗಾಳಿಯಲ್ಲಿ ಒಂದಷ್ಟನ್ನು ವಾಪಸ್ ತಳ್ಳಿಬಿಡುತ್ತದೆ. ಹಾಗಾಗಿ 18 ಪಿಎಸ್ ಬೈಕು ಟ್ರಾಫಿಕ್ಕಿನಲ್ಲಿ ಸತ್ತಂತೆ ಅನ್ನಿಸಿ, 7000 ದಾಟಿದ ಮೇಲೆ ಜೀವ ಬಂದಂತೆ ಓಡುವುದು ಸಾಮಾನ್ಯ. 14 ಪಿಎಸ್‌ನದು ಮೊದಲ 30 ಮೀಟರ್‌ನಲ್ಲಿ ಅದನ್ನು ಹಿಂದೆ ಹಾಕಿದರೆ ಆಶ್ಚರ್ಯವೇನಿಲ್ಲ. ಬ್ರೋಷರಿನಲ್ಲಿ ಕೊಡುವುದು ಗರಿಷ್ಠ ಅಂಕಿ ಮಾತ್ರ, ನೀವು ಓಡಿಸುವುದು ಇಡೀ ಗ್ರಾಫನ್ನು.

ಕಂಪ್ರೆಷನ್ ರೇಷಿಯೋ (ಒಳಬಂದ ಗಾಳಿ-ಪೆಟ್ರೋಲನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎನ್ನುವ ಅಂಕಿ) 9.5ರಿಂದ 11.5ಕ್ಕೆ ಏರಿದರೆ ಸಿದ್ಧಾಂತದ ಲೆಕ್ಕದಲ್ಲಿ ಸುಮಾರು 5% ಲಾಭ. ಆದರೆ ಪೆಟ್ರೋಲಿನ ಆಕ್ಟೇನ್ (ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ) ಸಾಲದಿದ್ದರೆ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು, ಶುರುವಾಗುತ್ತದೆ. ನಾಕ್ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಗ್ನಿಷನ್ನನ್ನು, ಅಂದರೆ ಪ್ಲಗ್ಗಿನ ಕಿಡಿಯನ್ನು, ತಡಮಾಡುತ್ತದೆ, ಬಂದ ಲಾಭ ಅಲ್ಲೇ ಕರಗುತ್ತದೆ. ಗಾಳಿಯನ್ನು ಒತ್ತಿ ಒಳತುಂಬುವ ಟರ್ಬೋದ ಕಥೆ ಸರಳ: 1 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚುವರಿ ಒತ್ತಡ) ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು ಗಾಳಿ, ಅದಕ್ಕೇ 1 ಲೀಟರ್ ಟರ್ಬೋ ಎಂಜಿನ್ನು ಟರ್ಬೋ ಇಲ್ಲದ ದೊಡ್ಡ ಎಂಜಿನ್ನಿಗೆ ಸಮ ನಿಲ್ಲುತ್ತದೆ. ಇನ್ನು ಕೆಲವು ಕಡೆ ಲೋಹದ ಭಾಗಗಳೆಲ್ಲ ಒಂದೇ, ಇಸಿಯು ಮ್ಯಾಪ್ (ಅದರೊಳಗಿನ ಸೆಟ್ಟಿಂಗ್) ಮಾತ್ರ ಬೇರೆ. ಗೇರ್‌ಬಾಕ್ಸ್ ಉಳಿಸಲು, ಮೈಲೇಜಿಗಾಗಿ ಅಥವಾ ಹೊಗೆ ನಿಯಮಕ್ಕಾಗಿ ಕಂಪನಿಯೇ ಕಟ್ಟಿಹಾಕಿರುತ್ತದೆ.

ಈಗ ಎರಡನೇ ಪ್ರಶ್ನೆ. ನನ್ನ ಪ್ರಕಾರ ಜನ ತೀರಾ ಕಡಿಮೆ ಲಕ್ಷ್ಯ ಕೊಡುವುದು ಗೇರಿಂಗಿಗೆ. ಒಂದು ಬೈಕಿನ ರೇಷಿಯೋಗಳು ಹೀಗಿವೆ ಎನ್ನಿ: ಪ್ರೈಮರಿ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಗೇರ್) 3.0, ಮೊದಲ ಗೇರ್ 2.8, ಹಿಂದೆ 42 ಹಲ್ಲು ಮುಂದೆ 14 ಹಲ್ಲಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ) ಅಂದರೆ 3.0. ಗುಣಿಸಿದರೆ 25.2. ಎಂಜಿನ್ 12 ನ್ಯೂಟನ್ ಮೀಟರ್ ಕೊಟ್ಟರೆ, ದಾರಿಯಲ್ಲಿ 10% ನಷ್ಟ ಕಳೆದು, ಹಿಂದಿನ ಚಕ್ರದಲ್ಲಿ 272 ನ್ಯೂಟನ್ ಮೀಟರ್. ಚಕ್ರದ ತ್ರಿಜ್ಯ 0.3 ಮೀಟರ್ ಇದ್ದರೆ ನೆಲವನ್ನು ತಳ್ಳುವ ಬಲ ಸುಮಾರು 907 ನ್ಯೂಟನ್. ಮುಂದಿನ ಸ್ಪ್ರಾಕೆಟ್ 14ರ ಬದಲು 13 ಹಲ್ಲಿನದು ಹಾಕಿ, ಅದೇ 977 ಆಗುತ್ತದೆ. ಎಂಜಿನ್ ಮುಟ್ಟದೆಯೇ ಸುಮಾರು 7.7% ಎಳೆತ ಹೆಚ್ಚು. ಹಿಂದೆ 42ರಿಂದ 45ಕ್ಕೆ ಹೋದರೂ ಬಹುತೇಕ ಇದೇ ಫಲ. ಆದರೆ ಅದೇ ವೇಗಕ್ಕೆ 6000 ಆರ್‌ಪಿಎಂ ಸಾಕಾಗುತ್ತಿದ್ದಲ್ಲಿ ಇನ್ನು 6460 ಬೇಕು. ಮೈಲೇಜ್ ಇಳಿಯುತ್ತದೆ, ನಡುಕ ಹೆಚ್ಚುತ್ತದೆ. ಸ್ಪೀಡೋ ಸೆನ್ಸರ್ ಗೇರ್‌ಬಾಕ್ಸಿನಲ್ಲಿದ್ದರೆ ಮೀಟರ್ ಸುಳ್ಳು ಹೇಳತೊಡಗುತ್ತದೆ, ಮುಂದಿನ ಚಕ್ರದಲ್ಲಿದ್ದರೆ ತೊಂದರೆಯಿಲ್ಲ. ದಪ್ಪ ಟೈರಿನ ಆಸೆಗೆ ಬಿದ್ದು ಹೊರವ್ಯಾಸ 5% ಹೆಚ್ಚಿಸಿದರೆ ಇದರ ಉಲ್ಟಾ ಆಗುತ್ತದೆ, ಎಳೆತ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ.

ಗೇರುಗಳ ನಡುವಿನ ಅಂತರವೂ ಮುಖ್ಯ. ಮೊದಲ ಗೇರ್ 2.8, ಎರಡನೆಯದು 1.7 ಇದ್ದರೆ 9500ದಲ್ಲಿ ಗೇರ್ ಬದಲಿಸಿದ ಕೂಡಲೇ ಆರ್‌ಪಿಎಂ ಸುಮಾರು 5800ಕ್ಕೆ ಬೀಳುತ್ತದೆ. ಮೇಲೆ ಮಾತ್ರ ಪವರ್ ಇರುವ ಎಂಜಿನ್ನಿಗೆ ಇದು ದೊಡ್ಡ ಹೊಡೆತ. ಅಂಥದ್ದಕ್ಕೆ ಆರು ಗೇರ್ ಕೊಡುವುದು ಈ ಕಾರಣಕ್ಕೇ, ಶೋಕಿಗಲ್ಲ.

ತೂಕದ ಪ್ರಭಾವ ಎಲ್ಲರಿಗೂ ಗೊತ್ತು: 90 ಪಿಎಸ್ ಎಂಜಿನ್ 900 ಕೆ.ಜಿ. ಕಾರಿನಲ್ಲಿ ಹಾರಿದಂತೆ 1200 ಕೆ.ಜಿ. ಕಾರಿನಲ್ಲಿ ಹಾರುವುದಿಲ್ಲ. ಕಣ್ಣಿಗೆ ಕಾಣದ ತೂಕ ಒಂದಿದೆ, ತಿರುಗುವ ಭಾಗಗಳದ್ದು. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಮತ್ತು ಫ್ಲೈವೀಲಿನ (ಅದರ ಜೊತೆ ತಿರುಗುವ ಭಾರದ ಚಕ್ರ) ಜಡತ್ವ ಒಟ್ಟು ಗೇರ್ ರೇಷಿಯೋದ ವರ್ಗದಷ್ಟು ಪಟ್ಟು ಹೆಚ್ಚಾಗಿ ಕಾಡುತ್ತದೆ. ಮೇಲಿನ ಬೈಕಿನಲ್ಲಿ ಅದು 0.005 ಕೆ.ಜಿ. ಚದರ ಮೀಟರ್ ಇದ್ದರೆ, ಮೊದಲ ಗೇರಿನಲ್ಲಿ ಗಾಡಿಯ ಮೇಲೆ ಸುಮಾರು 35 ಕೆ.ಜಿ. ಹೆಚ್ಚುವರಿ ಹೇರಿದಂತೆ. ಒಟ್ಟು ರೇಷಿಯೋ 9 ಇರುವ ಟಾಪ್ ಗೇರಿನಲ್ಲಿ ಅದು ಬರೀ 4.5 ಕೆ.ಜಿ. ಭಾರದ ಫ್ಲೈವೀಲ್ ಇರುವ ಬೈಕು ನಿಧಾನವಾಗಿ, ಹದವಾಗಿ ಎಳೆಯುವುದೂ, ಹಗುರದ್ದು ಥ್ರಾಟಲ್ ಮುಟ್ಟಿದರೆ ಚಿಮ್ಮುವುದೂ ಇದರಿಂದ.

ವೇಗ ಹೆಚ್ಚಿದಾಗ ಗಾಳಿಯ ತಡೆ ಎಲ್ಲವನ್ನೂ ನುಂಗುತ್ತದೆ. ನೇರ ಕೂತ ಸವಾರನಿರುವ ಬೈಕಿಗೆ 100 ಕಿ.ಮೀ. ವೇಗದಲ್ಲಿ ಗಾಳಿ ಸೀಳಲು ಸುಮಾರು 9.6 ಪಿಎಸ್, ಟೈರಿನ ಉರುಳುವಿಕೆಗೆ 1.2 ಪಿಎಸ್ ಬೇಕು ಎಂದಿಟ್ಟುಕೊಳ್ಳಿ. 14 ಪಿಎಸ್‌ನಲ್ಲಿ ಚಕ್ರ ತಲುಪುವುದು 12.6, ವೇಗ ಹೆಚ್ಚಿಸಲು ಮಿಗುವುದು 1.8. 18 ಪಿಎಸ್‌ನಲ್ಲಿ ತಲುಪುವುದು 16.2, ಮಿಗುವುದು 5.4. ಕಾಗದದ ಮೇಲೆ 4 ಪಿಎಸ್ ವ್ಯತ್ಯಾಸ, ಆ ವೇಗದಲ್ಲಿ ಮೂರು ಪಟ್ಟು ಪಿಕಪ್. ಮೇಲ್ಭಾಗದ ಫೇರಿಂಗ್ (ಗಾಳಿ ಸೀಳುವ ಹೊದಿಕೆ) ಅಥವಾ ಬಗ್ಗಿ ಕೂರುವ ಭಂಗಿ ಈ 9.6ನ್ನೇ ಕಡಿಮೆ ಮಾಡುತ್ತದೆ.

ಎರಡೂ ಒಂದೇ ಮಾಡೆಲ್, ಆದರೂ ಒಂದು ಮಂದ ಅಂತಾದರೆ ಡಿಸೈನ್ ಬಿಟ್ಟು ಗಾಡಿಯ ಸ್ಥಿತಿ ನೋಡಿ. ಮೊದಲು ದುಡ್ಡು ಖರ್ಚಾಗದ ಕೆಲಸಗಳು. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ; ಬ್ರೇಕ್ ಹಿಡಿದುಕೊಂಡಿದ್ದರೆ ಅಥವಾ ಚೈನ್ ಬಿಗಿಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚೈನಿನ ಸಡಿಲ ಸಾಮಾನ್ಯವಾಗಿ 20-30 ಮಿ.ಮೀ. ಇರಬೇಕು. ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಒಳಗಿನ ಗಾಳಿದಾರಿಯ ತಟ್ಟೆ, ಅಂದರೆ ಬಟರ್‌ಫ್ಲೈ ನಿಜಕ್ಕೂ ಪೂರ್ತಿ ತೆರೆಯುತ್ತದೆಯೇ ನೋಡಿ. ಕೇಬಲ್ ಸಡಿಲವಾಗಿದ್ದರೆ ಮುಕ್ಕಾಲು ಭಾಗ ತೆರೆದು ನಿಲ್ಲುತ್ತದೆ.

ಕ್ಲಚ್ ಜಾರುತ್ತಿದೆಯೇ ತಿಳಿಯಲು ಖಾಲಿ ಏರು ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, 5000 ಆರ್‌ಪಿಎಂ ಹತ್ತಿರ ಥ್ರಾಟಲ್ ಪೂರ್ತಿ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಹೋಗಿದೆ, ಇಲ್ಲವೇ ಲಿವರಿನಲ್ಲಿ ಫ್ರೀ ಪ್ಲೇ (ಇರಬೇಕಾದ ಸ್ವಲ್ಪ ಸಡಿಲ) ಇಲ್ಲ. ಗೇರಿಲ್ಲದ ಸ್ಕೂಟರಿನಲ್ಲಿ ಸವೆದ ಬೆಲ್ಟ್, ಒಂದು ಬದಿ ಚಪ್ಪಟೆಯಾದ ರೋಲರುಗಳು ಇದೇ ಲಕ್ಷಣ ತೋರಿಸುತ್ತವೆ.

ಇಷ್ಟಾದರೂ ಸಿಗದಿದ್ದರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡಿಸಿ. ಎಂಜಿನ್ ತಣ್ಣಗಿರುವಾಗ ಅಳೆಯಬೇಕು, ಅಳತೆ ನಿಮ್ಮ ಗಾಡಿಯ ಕೈಪಿಡಿಯಲ್ಲಿರುತ್ತದೆ. ಸದ್ದು ಮಾಡುವ ಸಡಿಲ ವಾಲ್ವಿಗಿಂತ ಸದ್ದಿಲ್ಲದ ಬಿಗಿ ವಾಲ್ವ್ ಅಪಾಯಕಾರಿ. ಬಿಸಿಯಾದಂತೆ ಅದು ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಕೊನೆಗೆ ವಾಲ್ವೇ ಸುಡುತ್ತದೆ. ಆಮೇಲೆ ಕಂಪ್ರೆಷನ್ ಟೆಸ್ಟ್: ಎಂಜಿನ್ ಬಿಸಿ ಮಾಡಿ, ಪ್ಲಗ್ ತೆಗೆದು ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದೇ ಸ್ಟಾರ್ಟರ್ ಒತ್ತಬೇಕು. ಮುಚ್ಚಿ ಒತ್ತಿದರೆ ಒಳ್ಳೆಯ ಎಂಜಿನ್ನೂ ಕೆಟ್ಟಂತೆ ಕಾಣುತ್ತದೆ. ಅಂಕಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ, ಸುಮಾರು 5 ಮಿ.ಲೀ., ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಜಿಗಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಅಲ್ಲಾಡದಿದ್ದರೆ ಸೋರಿಕೆ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿದೆ. ಕ್ಯಾಮಿನಲ್ಲಿ ಡಿಕಂಪ್ರೆಸರ್ (ಸ್ಟಾರ್ಟ್ ಸುಲಭವಾಗಲು ಸ್ವಲ್ಪ ಒತ್ತಡ ಹೊರಬಿಡುವ ಏರ್ಪಾಡು) ಇರುವ ಎಂಜಿನ್ನುಗಳಲ್ಲಿ ಅಂಕಿ ಮೊದಲಿಂದಲೇ ಕಡಿಮೆ ಇರುತ್ತದೆ, ಹಾಗಾಗಿ ಇನ್ನೊಂದು ಮಾಡೆಲಿನ ಅಂಕಿಯ ಜೊತೆ ಹೋಲಿಸಿ ಹೆಡ್ ಬಿಚ್ಚಿಸಬೇಡಿ.